ದೂರು ಬಂದಿಲ್ಲ ಅನ್ನುವವರಿಗೆ

ಯಾವ ಊರಿನ ಯಾವ ಕಾಲೇಜಿಗೆ ಬೇಕಾದರೂ ಹೋಗಿ ಕೇಳಿ ನೋಡಿ. 'ನಿಮ್ಮಲ್ಲಿ ಓದೋ ಹೆಣ್ಣುಮಕ್ಕಳಿಗೆ ಏನಾದರೂ ಕಿರುಕುಳ ಇದೆಯೇ ಸ್ವಾಮಿ?' ಆಫೀಸಿನಿಂದ ಬರುವ ಉತ್ತರ ಒಂದೇ. 'ನಮ್ಮಲ್ಲಿ ಅಂಥದ್ದೇನೂ ಇಲ್ಲ. ಇಲ್ಲಿವರೆಗೆ ಒಂದೂ ದೂರು ಬಂದಿಲ್ಲ.'

ಈ ಮಾತು ನಮಗೆ ಹೊಸದಲ್ಲ. ನಮ್ಮೂರಲ್ಲಿ ಅಸ್ಪೃಶ್ಯತೆ ಇಲ್ಲ, ಯಾರೂ ದೂರು ಕೊಟ್ಟಿಲ್ಲ ಅಂತ ಪಟೇಲರೂ ಛೇರ್ಮನ್ನರೂ ಹೇಳುವುದನ್ನು ಕೇಳಿಕೊಂಡೇ ಬೆಳೆದವರು ನಾವು. ಬಾವಿಗೆ ಕೊಡ ಇಳಿಸಲಾಗದವಳು ದೂರನ್ನು ಯಾರ ಬಳಿಗೆ ಒಯ್ಯಬೇಕಿತ್ತು? ಅದೇ ಪಟೇಲನ ಬಳಿಗೆ. ಹಾಗಾಗಿ ದೂರು ಇಲ್ಲ. ದೂರು ಇಲ್ಲದ್ದರಿಂದ ಅಸ್ಪೃಶ್ಯತೆಯೂ ಇಲ್ಲ! ಈ ಲೆಕ್ಕವನ್ನು ಒಪ್ಪದೇ ಇದ್ದದ್ದರಿಂದಲೇ ನಮ್ಮ ಚಳವಳಿ ಹುಟ್ಟಿತು.

ಇದೇ ಸುಳ್ಳು ಲೆಕ್ಕವನ್ನು ಕಾಲೇಜಿನ ಒಳಗೆ ಒಪ್ಪದೆ, ತಾವೇ ಕಾಗದ ಪೆನ್ನು ಹಿಡಿದು ಹೊರಟ ವಿದ್ಯಾರ್ಥಿಗಳ ಚರಿತ್ರೆಯೂ ಈ ದೇಶದಲ್ಲಿದೆ. ಅದನ್ನು ನಮ್ಮ ಹಳ್ಳಿ ಮೇಷ್ಟ್ರುಗಳು, ಹಾಸ್ಟೆಲಿನ ಹುಡುಗ ಹುಡುಗಿಯರು ತಿಳಿಯಬೇಕು ಅನ್ನುವುದು ನಮ್ಮ ಆಸೆ. ಯಾಕೆಂದರೆ ಇವತ್ತು ಪ್ರತಿಯೊಂದು ಕಾಲೇಜಿನ ಗೋಡೆಯ ಮೇಲೆ ಇರಬೇಕಾದ ದೂರು ಸಮಿತಿಯ ಹಲಗೆಗೆ ಅಡಿಪಾಯ ಹಾಕಿದವರಲ್ಲಿ ಮೊದಲಿಗರು ಪ್ರೊಫೆಸರರಲ್ಲ, ಮಂತ್ರಿಗಳೂ ಅಲ್ಲ. ಕಾಲೇಜಿನ ಮೆಟ್ಟಿಲನ್ನೇ ಹತ್ತದ ಹೆಣ್ಣುಮಕ್ಕಳು.

ಮೊದಲು ಶಾಲೆಯ ದಾರಿಯಿಂದ ಆರಂಭಿಸೋಣ. 1848ರಲ್ಲಿ ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದಾಗ ಸಾವಿತ್ರಿಬಾಯಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಪಾಠ ಹೇಳಲು ನಡೆದು ಹೋಗುವ ದಾರಿಯಲ್ಲಿ ಅವರ ಮೇಲೆ ಕೆಸರು, ಸಗಣಿ ಎರಚುತ್ತಿದ್ದರು, ಹೊಲಸು ಮಾತಾಡುತ್ತಿದ್ದರು. ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗಿ, ಶಾಲೆ ಮುಟ್ಟಿದ ಮೇಲೆ ಅದನ್ನು ಉಟ್ಟು ಅವರು ಪಾಠ ಶುರು ಮಾಡುತ್ತಿದ್ದರು ಅಂತ ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಮಾಲಿ ಜಾತಿಯ ಹೆಂಗಸೊಬ್ಬಳು ಅಕ್ಷರ ಕಲಿಸಲು ಹೊರಟದ್ದು ಅವರಿಗೆ ಸಹಿಸಲಾಗಲಿಲ್ಲ. ಅವಳ ಮೈಗೆ ಎಸೆದ ಸಗಣಿಯಲ್ಲಿ ಜಾತಿಯೂ ಇತ್ತು, ಗಂಡಸುತನದ ಕೊಬ್ಬೂ ಇತ್ತು. ಎರಡನ್ನೂ ಬೇರೆ ಬೇರೆ ಮಾಡಿ ನೋಡಲು ಬರುವುದಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಇನ್ನು ಕಾನೂನಿನ ಕಡೆ ಬರೋಣ. 1972ರ ಮಾರ್ಚ್ 26ರ ರಾತ್ರಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯ ಒಳಗೆ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸಿನವರಿಂದಲೇ ಅತ್ಯಾಚಾರವಾಯಿತು. ತಂದೆ ತಾಯಿ ಇಲ್ಲದ, ಅಣ್ಣನ ಆಸರೆಯಲ್ಲಿದ್ದ, ಕೂಲಿ ಮಾಡಿ ಬದುಕುತ್ತಿದ್ದ ಹುಡುಗಿ. ಕೆಳಗಿನ ಕೋರ್ಟು ಆರೋಪಿಗಳನ್ನು ಬಿಟ್ಟಿತು. ಹೈಕೋರ್ಟು ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಮೈಮೇಲೆ ಗಾಯದ ಗುರುತಿಲ್ಲ, ಕೂಗಿಕೊಂಡ ಸಾಕ್ಷಿಯಿಲ್ಲ, ಆದ್ದರಿಂದ ಅವಳು ಒಪ್ಪಿದ್ದಳು ಅನ್ನುವುದು ಅಲ್ಲಿನ ತರ್ಕ. ರಾತ್ರಿ ಹೊತ್ತು, ಠಾಣೆಯ ಬಾಗಿಲು ಹಾಕಿರುವಾಗ, ಪೊಲೀಸಿನವನ ಮುಂದೆ ಕೂಲಿ ಹುಡುಗಿ ಕೂಗಿಕೊಂಡು ಯಾರನ್ನು ಕರೆಯಬೇಕಿತ್ತು?

ಈ ಪ್ರಶ್ನೆಯನ್ನು 1979ರಲ್ಲಿ ನಾಲ್ಕು ಜನ ಕಾನೂನು ಅಧ್ಯಾಪಕರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದು ಕೇಳಿದರು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ ಕೇಳ್ಕರ್. ಹೆದರಿ ಸುಮ್ಮನಾಗುವುದು ಬೇರೆ, ಮನಸಾರೆ ಒಪ್ಪುವುದು ಬೇರೆ ಅನ್ನುವುದು ಆ ಪತ್ರದ ತಿರುಳು. 1980ರ ಮಾರ್ಚ್ 8ರಂದು ಹಲವು ನಗರಗಳಲ್ಲಿ ಹೆಂಗಸರು ಬೀದಿಗೆ ಬಂದರು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಪೊಲೀಸ್ ವಶದಲ್ಲಿ, ಅಧಿಕಾರಿಯ ಕೈಕೆಳಗೆ ಇದ್ದಾಗ ಅತ್ಯಾಚಾರವಾಗಿ, ತಾನು ಒಪ್ಪಿರಲಿಲ್ಲ ಅಂತ ಹೆಂಗಸು ಹೇಳಿದರೆ, ಒಪ್ಪಿರಲಿಲ್ಲ ಅಂತಲೇ ಕೋರ್ಟು ಭಾವಿಸಿಕೊಂಡು ಹೊರಡಬೇಕು ಅಂತಾಯಿತು. ಅಧಿಕಾರದ ಮುಂದೆ ಮೌನ ಅಂದರೆ ಒಪ್ಪಿಗೆಯಲ್ಲ ಅನ್ನುವ ಮಾತು ಕಾನೂನಿನ ಪುಸ್ತಕಕ್ಕೆ ಬಂದದ್ದು ಒಬ್ಬ ಆದಿವಾಸಿ ಹುಡುಗಿಯ ಕಣ್ಣೀರಿನಿಂದ. ಆದರೆ ಅವಳಿಗೆ ನ್ಯಾಯ ಸಿಗಲಿಲ್ಲ.

ಇನ್ನೊಬ್ಬರು ಭಂವರಿ ದೇವಿ. ರಾಜಸ್ಥಾನದ ಭಟೇರಿ ಹಳ್ಳಿಯವರು, ಕುಂಬಾರರ ಜಾತಿ. ಸರಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್' ಅಂತ ಹಳ್ಳಿ ಮಟ್ಟದ ಕೆಲಸ. ಮೇಲ್ಜಾತಿಯವರ ಮನೆಯ ಹಸುಗೂಸಿನ ಮದುವೆಯನ್ನು ತಡೆಯಲು ಹೋದದ್ದೇ ಅವರು ಮಾಡಿದ ತಪ್ಪು. 1992ರ ಸೆಪ್ಟೆಂಬರಿನಲ್ಲಿ ಹೊಲದಲ್ಲಿ, ಗಂಡನ ಎದುರಿನಲ್ಲಿ, ಅವರ ಮೇಲೆ ಗುಂಪು ಅತ್ಯಾಚಾರ ನಡೆಯಿತು. 1995ರ ನವೆಂಬರಿನಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಮೇಲ್ಜಾತಿಯ ಗಂಡಸರು ಕೆಳಜಾತಿಯ ಹೆಂಗಸನ್ನು ಮುಟ್ಟಿಯಾರೇ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿತ್ತು. ಇದನ್ನು ಕೇಳಿ ನಮ್ಮ ಕೇರಿಯ ಅಜ್ಜಿಯರು ನಗುತ್ತಾರೆ. ಹಗಲು ಮಡಿ ಮಾಡುವ ಕೈ ರಾತ್ರಿ ಏನು ಮಾಡುತ್ತದೆ ಅನ್ನುವುದು ಅವರಿಗೆ ಯಾವ ಕೋರ್ಟೂ ಕಲಿಸಬೇಕಾಗಿಲ್ಲ.

ಕೆಲಸ ಮಾಡುತ್ತಿದ್ದಾಗ, ಕೆಲಸದ ಕಾರಣಕ್ಕೇ ಹೆಂಗಸಿನ ಮೇಲೆ ಹಲ್ಲೆಯಾದರೆ ಕೆಲಸ ಕೊಟ್ಟವನ ಹೊಣೆ ಏನು? ಈ ಪ್ರಶ್ನೆ ಹಿಡಿದು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ಬಂದದ್ದೇ ವಿಶಾಖಾ ತೀರ್ಪು. ಪ್ರತಿಯೊಂದು ಕೆಲಸದ ಜಾಗದಲ್ಲೂ ಹೆಂಗಸಿನ ಅಧ್ಯಕ್ಷತೆಯ ದೂರು ಸಮಿತಿ ಇರಬೇಕು, ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಹೆಂಗಸರಿರಬೇಕು, ಹೊರಗಿನವರೊಬ್ಬರು ಇರಬೇಕು ಅಂತ ಅದು ಹೇಳಿತು. ಇವತ್ತಿನ ಪ್ರತಿಯೊಂದು ಕಾಲೇಜು ಸಮಿತಿಯೂ ಭಂವರಿ ದೇವಿಯ ಋಣದಲ್ಲಿದೆ. ಅವರ ಸ್ವಂತ ಮೊಕದ್ದಮೆಯ ಮೇಲ್ಮನವಿ ಮಾತ್ರ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಕೊಳೆಯಿತು.

ಈಗ ವಿದ್ಯಾರ್ಥಿಗಳ ಪಾತ್ರಕ್ಕೆ ಬರುತ್ತೇವೆ. ವಿಶಾಖಾ ತೀರ್ಪು ಬರುವುದಕ್ಕೂ ಮುಂಚೆ, 1996ರಲ್ಲಿ, ದೆಹಲಿ ವಿಶ್ವವಿದ್ಯಾಲಯದ 'ಜೆಂಡರ್ ಸ್ಟಡಿ ಗ್ರೂಪ್' ಎಂಬ ವಿದ್ಯಾರ್ಥಿಗಳ ಗುಂಪು ಒಂದು ವರದಿಯನ್ನು ಹೊರತಂದಿತು. ಅದರ ವಿಷಯ ದೆಹಲಿ ವಿಶ್ವವಿದ್ಯಾಲಯದಲ್ಲಿ ಲೈಂಗಿಕ ಕಿರುಕುಳ. ಯಾವ ಸಚಿವಾಲಯವೂ ಅವರಿಗೆ ಈ ಕೆಲಸ ಒಪ್ಪಿಸಿರಲಿಲ್ಲ. ತಮ್ಮ ಜೊತೆ ಓದುವವರನ್ನೇ ಕೇಳಿದರು, ಕೇಳಿದ್ದನ್ನು ಎಣಿಸಿದರು. ಹಾಸ್ಟೆಲಿನಲ್ಲಿದ್ದ ಹುಡುಗಿಯರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಕ್ಯಾಂಪಸ್ಸಿನ ರಸ್ತೆಗಳಲ್ಲೇ ಕಿರುಕುಳ ಅನುಭವಿಸಿದವರು ಅಂತ ಲೆಕ್ಕ ಸಿಕ್ಕಿತು. ಸಾವಿತ್ರಿಬಾಯಿಯ ಕಾಲದಿಂದ ಸುಮಾರು ನೂರೈವತ್ತು ವರ್ಷ ಆಗಿತ್ತು. ಹೆಣ್ಣು ಓದಲು ಹೋಗುವ ದಾರಿ ಇನ್ನೂ ಅದೇ ದಾರಿ!

ಆ ಲೆಕ್ಕ ಯಾಕೆ ಮುಖ್ಯ? ಅಲ್ಲಿಯವರೆಗೆ ಇದಕ್ಕೆಲ್ಲ ಇದ್ದ ಹೆಸರು 'ಈವ್ ಟೀಸಿಂಗ್'. ನಮ್ಮಲ್ಲಿ 'ಚುಡಾಯಿಸೋದು'. ಹುಡುಗರು ಹುಡುಗಾಟಿಕೆ ಮಾಡ್ತಾರೆ, ವಯಸ್ಸಿನ ದೋಷ, ನೀನು ತಲೆ ತಗ್ಗಿಸಿಕೊಂಡು ಹೋಗಮ್ಮ ಅನ್ನುವ ಉಪದೇಶ. ಒಬ್ಬ ಹುಡುಗಿ ಅತ್ತರೆ ಅದು ಅವಳ ಕಥೆ, ಅವಳ ನಡತೆಯ ಪ್ರಶ್ನೆ. ಹತ್ತರಲ್ಲಿ ಒಂಬತ್ತು ಜನ ಅದೇ ಹೇಳಿದರೆ ಅದು ಆ ಸಂಸ್ಥೆಯ ನಡತೆಯ ಪ್ರಶ್ನೆ. ಈ ಪಲ್ಲಟವನ್ನು ತಂದದ್ದು ವಿದ್ಯಾರ್ಥಿಗಳ ಲೆಕ್ಕ. ಆಮೇಲೆ ಅಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು ಸೇರಿ ನಿಯಮಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. 2000ದ ನಂತರದ ಮೊದಲ ವರ್ಷಗಳಲ್ಲಿ ವಿಶ್ವವಿದ್ಯಾಲಯ ತನ್ನದೇ ವಿಧಿಯೊಂದನ್ನು ಮಾಡಬೇಕಾಯಿತು.

ಕೇಳುವುದರಲ್ಲೂ ಒಂದು ವಿದ್ಯೆ ಇದೆ. ಅದನ್ನು ದೂರದ ಅಮೆರಿಕದಲ್ಲಿ ಮೇರಿ ಕಾಸ್ ಎಂಬ ಮನಶ್ಶಾಸ್ತ್ರಜ್ಞೆ ತೋರಿಸಿಕೊಟ್ಟರು. 32 ಕಾಲೇಜುಗಳ 6,159 ವಿದ್ಯಾರ್ಥಿಗಳನ್ನು ಕೇಳಿ 1987ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 'ನಿನ್ನ ಮೇಲೆ ಅತ್ಯಾಚಾರ ಆಗಿದೆಯೇ' ಅಂತ ನೇರ ಕೇಳಿ ಬಿಟ್ಟುಬಿಡಲಿಲ್ಲ. ಏನೇನು ನಡೆಯಿತು ಅಂತ ಒಂದೊಂದೇ ಕೃತ್ಯವನ್ನು ಬಿಡಿಸಿ ಕೇಳಿದರು. ಕಾನೂನಿನ ಪ್ರಕಾರ ಅತ್ಯಾಚಾರವೇ ಆಗುವ ಅನುಭವವನ್ನು ಹೇಳಿಕೊಂಡ ಹೆಂಗಸರಲ್ಲಿ ಅದನ್ನು ಆ ಹೆಸರಿನಿಂದ ಕರೆದವರು ಸುಮಾರು ಕಾಲು ಭಾಗ ಮಾತ್ರ. ನೋವು ಇರುತ್ತದೆ, ಅದಕ್ಕೆ ಹೆಸರು ಇರುವುದಿಲ್ಲ. ಹೆಸರು ಹಿಡಿದು ಕೇಳಿದರೆ 'ಇಲ್ಲ' ಅನ್ನುವವಳು, ನಡೆದದ್ದನ್ನು ಹಿಡಿದು ಕೇಳಿದರೆ 'ಹೌದು' ಅನ್ನುತ್ತಾಳೆ. ದೂರು ಬಂದಿಲ್ಲ ಅನ್ನುವ ಆಫೀಸಿನವರಿಗೆ ಈ ಒಂದು ಸಂಗತಿ ಸಾಕು.

ಕೇಳಿದ ಮೇಲೆ ಏನು ಮಾಡಬೇಕು? ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಒಂದು ಸಮಿತಿ ಬಂತು. ಅದನ್ನು 'ಜಿ.ಎಸ್.ಕ್ಯಾಶ್' ಅನ್ನುತ್ತಿದ್ದರು. ವಿದ್ಯಾರ್ಥಿಗಳು ತಮ್ಮ ಪ್ರತಿನಿಧಿಗಳನ್ನು ಓಟು ಹಾಕಿ ಆರಿಸಿ ಕಳಿಸುವುದು ಅದರ ಜೀವಾಳ. ದೂರು ವಿಚಾರಿಸುವುದರ ಜೊತೆಗೆ ತಿಳುವಳಿಕೆ ಕೊಡುವ ಕೆಲಸವೂ ಅದರದ್ದೇ. ಉಳಿದ ಕಡೆಯವರು ಅದನ್ನು ಮಾದರಿಯಾಗಿ ನೋಡುತ್ತಿದ್ದರು. 2013ರಲ್ಲಿ, ವಿಶಾಖಾ ತೀರ್ಪು ಬಂದು ಹದಿನಾರು ವರ್ಷದ ನಂತರ, ಪಾರ್ಲಿಮೆಂಟು ಕೆಲಸದ ಜಾಗದ ಕಾಯ್ದೆ ಮಾಡಿತು. ಅದೇ ಕಾಯ್ದೆಯನ್ನು ಮುಂದಿಟ್ಟುಕೊಂಡು 2017ರ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯದ ಆಡಳಿತ ಜಿ.ಎಸ್.ಕ್ಯಾಶ್ ಅನ್ನು ರದ್ದು ಮಾಡಿ, ಅದರ ಜಾಗದಲ್ಲಿ ಆಂತರಿಕ ದೂರು ಸಮಿತಿಯನ್ನು ತಂದಿತು. ವಿದ್ಯಾರ್ಥಿಗಳೂ ಅಧ್ಯಾಪಕರೂ ಪ್ರತಿಭಟಿಸಿದರು. ಕೆಳಗಿನಿಂದ ಕಟ್ಟಿದ್ದನ್ನು ಮೇಲಿನವರು ಕಾನೂನಿನ ಹೆಸರಿನಲ್ಲೇ ಹೇಗೆ ಕೆಡವಬಲ್ಲರು ಅನ್ನುವುದಕ್ಕೆ ಇದು ಪಾಠ.

ಹಾಗಂತ ಕಾನೂನನ್ನು ಎಸೆಯಬೇಕಾಗಿಲ್ಲ, ಓದಬೇಕು. ಯು.ಜಿ.ಸಿ. 2015ರ ನಿಯಮಾವಳಿ ಅಂತ ಒಂದಿದೆ, ಗೆಜೆಟ್ಟಿನಲ್ಲಿ ಬಂದದ್ದು 2016ರ ಮೇ ತಿಂಗಳಲ್ಲಿ. ದೂರಿನಲ್ಲಿ ವಿದ್ಯಾರ್ಥಿಗಳು ಇದ್ದರೆ ಸಮಿತಿಯಲ್ಲಿ ಮೂವರು ವಿದ್ಯಾರ್ಥಿ ಪ್ರತಿನಿಧಿಗಳಿರಬೇಕು, ಅವರನ್ನು ಚುನಾಯಿಸಬೇಕು ಅಂತ ಅದರಲ್ಲಿದೆ. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥ ಇಂಥ ಮೇಲಧಿಕಾರಿಗಳು ಸಮಿತಿಯಲ್ಲಿ ಕೂರುವ ಹಾಗಿಲ್ಲ. ದೂರಿನ ವಿಚಾರಣೆ ನಡೆಯುವಾಗ ಆರೋಪ ಹೊತ್ತ ಮೇಷ್ಟ್ರು ದೂರು ಕೊಟ್ಟವಳ ಪರೀಕ್ಷೆ, ಕೆಲಸವನ್ನು ಅಳೆಯದಂತೆ ತಡೆಯಬಹುದು. ಇಂಟರ್ನಲ್ ಮಾರ್ಕ್ಸು ಅನ್ನುವ ಕತ್ತಿ ಯಾರ ಕೈಯಲ್ಲಿದೆ ಅಂತ ಗೊತ್ತಿರುವವರಿಗೆ ಈ ಒಂದು ಸಾಲಿನ ಬೆಲೆ ಗೊತ್ತು. ಹೆಣ್ಣುಮಕ್ಕಳ ಸುರಕ್ಷತೆಯ ನೆಪ ಹೇಳಿ ಅವರ ಹಾಸ್ಟೆಲಿಗೆ ಮಾತ್ರ ಬೇರೆ ಕಟ್ಟುಪಾಡು ಹಾಕಬಾರದು ಅಂತಲೂ ಅದರಲ್ಲಿದೆ. ಸಂಜೆ ಆರಕ್ಕೆ ಹುಡುಗಿಯರನ್ನು ಒಳಗೆ ಕೂಡಿ, ಲೈಬ್ರರಿಯನ್ನು ಹುಡುಗರಿಗೆ ಬಿಟ್ಟುಕೊಡುವುದು ರಕ್ಷಣೆಯಲ್ಲ. ಕಳ್ಳನನ್ನು ಬಿಟ್ಟು ಮನೆಯವರಿಗೇ ಬೇಡಿ ಹಾಕಿದ ಹಾಗೆ.

ಈಗ ನಾವು ಮೊದಲು ನೆನಪಿಟ್ಟುಕೊಳ್ಳಿ ಅಂದ ಮಾತಿಗೆ ಬರಬೇಕು. ಕಿರುಕುಳದಲ್ಲಿ ಜಾತಿ ಎಲ್ಲಿದೆ? ಅದೇ 2015ರ ನಿಯಮಾವಳಿ ಜಾತಿ, ವರ್ಗ, ಪ್ರದೇಶ, ಅಲ್ಪಸಂಖ್ಯಾತರು, ಅಂಗವೈಕಲ್ಯ ಇವುಗಳಿಂದಾಗಿ ಕೆಲವರು ಹೆಚ್ಚು ಕಿರುಕುಳಕ್ಕೆ ಸಿಕ್ಕುತ್ತಾರೆ, ಅವರಿಗೆ ದೂರು ಕೊಡುವುದೂ ಹೆಚ್ಚು ಕಷ್ಟ ಅಂತ ಒಪ್ಪುತ್ತದೆ. ಕಾಗದದ ಮೇಲೆ ಒಪ್ಪಿಗೆ ಇದೆ. ಕಚೇರಿಯಲ್ಲಿ? ಜಾತಿ ತಾರತಮ್ಯದ ದೂರಿಗೆ 2012ರಲ್ಲಿ ಯು.ಜಿ.ಸಿ. ಬೇರೆ ನಿಯಮ ಮಾಡಿತು, ಬೇರೆ ಕೋಶ, ಬೇರೆ ಅಧಿಕಾರಿ. ಹೆಣ್ಣಿನ ದೂರು ಒಂದು ಬಾಗಿಲು, ಜಾತಿಯ ದೂರು ಇನ್ನೊಂದು ಬಾಗಿಲು. 'ನಿಮ್ಮ ಕೇರಿಯವಳಿಗೆ ಇಷ್ಟು ಸೊಕ್ಕೇ' ಅಂತ ಬೈದು ಕೈ ಹಿಡಿದೆಳೆದವನ ಮೇಲೆ ಹುಡುಗಿ ಯಾವ ಬಾಗಿಲು ಬಡಿಯಬೇಕು? ಒಂದು ಬಾಗಿಲಲ್ಲಿ ಅವಳು ಬರೀ ಹೆಣ್ಣು, ಇನ್ನೊಂದರಲ್ಲಿ ಬರೀ ದಲಿತಳು. ಸಾವಿತ್ರಿಬಾಯಿಯ ಮೇಲೆ ಬಿದ್ದ ಸಗಣಿಯನ್ನು ಹೀಗೆ ಪಾಲು ಮಾಡಲು ಆಗುತ್ತಿತ್ತೇ? 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಪರಿಶಿಷ್ಟರಲ್ಲದವನು ಪರಿಶಿಷ್ಟ ಜಾತಿ, ಪಂಗಡದ ಹೆಂಗಸು ಅಂತ ತಿಳಿದೂ ತಿಳಿದೂ ಅವಳ ಒಪ್ಪಿಗೆಯಿಲ್ಲದೆ ಲೈಂಗಿಕ ಉದ್ದೇಶದಿಂದ ಮುಟ್ಟುವುದು, ಅಂಥ ಮಾತಾಡುವುದು, ಸನ್ನೆ ಮಾಡುವುದೂ ಅಪರಾಧ. ಇದು ನಮ್ಮ ಎಷ್ಟು ಹಾಸ್ಟೆಲುಗಳ ಗೋಡೆಯ ಮೇಲಿದೆ?

2017ರ ಅಕ್ಟೋಬರಿನಲ್ಲಿ, ಜಿ.ಎಸ್.ಕ್ಯಾಶ್ ರದ್ದಾದ ಮುಂದಿನ ತಿಂಗಳೇ, ಕಾನೂನು ಓದುತ್ತಿದ್ದ ದಲಿತ ವಿದ್ಯಾರ್ಥಿಯೊಬ್ಬರು ಕಿರುಕುಳದ ಆರೋಪವಿರುವ ಅಧ್ಯಾಪಕರ ಪಟ್ಟಿಯೊಂದನ್ನು ಅಂತರಜಾಲದಲ್ಲಿ ಹಾಕಿದರು. ದೂರಿದವರ ಹೆಸರಿರಲಿಲ್ಲ, ವಿಚಾರಣೆ ಇರಲಿಲ್ಲ. ಹೆಸರಾಂತ ಸ್ತ್ರೀವಾದಿಗಳು ಕೆಲವರು ಇದು ಸರಿಯಲ್ಲ, ಸಮಿತಿಗಳ ಕ್ರಮಬದ್ಧ ವಿಚಾರಣೆಯೇ ದಾರಿ ಅಂದರು. ದಲಿತ ಬಹುಜನ ಹೆಣ್ಣುಮಕ್ಕಳು ಹಲವರು ಎದುರು ಕೇಳಿದರು: ಆ ಕ್ರಮ ಯಾರ ಕೈಯಲ್ಲಿದೆ, ಅದು ನಮಗೆ ಯಾವತ್ತು ತೆರೆದಿತ್ತು? ಪಟ್ಟಿ ವಿಚಾರಣೆಯ ಜಾಗ ತುಂಬಲಾರದು ಅಂತ ನಾವೂ ನಂಬುತ್ತೇವೆ. ಆರೋಪ ಹೊತ್ತವನಿಗೂ ತನ್ನ ಮಾತು ಹೇಳುವ ಅವಕಾಶ ಬೇಕು. ಆದರೆ ಬಾಗಿಲು ಮುಚ್ಚಿದ ಮನೆಯಲ್ಲಿ ಗೋಡೆಯ ಮೇಲೆ ಬರೆದವರನ್ನು ಮಾತ್ರ ಬೈಯುವುದು ನ್ಯಾಯವಲ್ಲ. ಮೊದಲು ಬಾಗಿಲು ತೆರೆಯಿರಿ.

ಇಷ್ಟು ಹೇಳಿ ಬೆರಳನ್ನು ಪರರ ಕಡೆಗೇ ತೋರಿಸಿ ಕೂತರೆ ನಾವು ಬಂಡಾಯದವರು ಅನ್ನಿಸಿಕೊಳ್ಳಲಾರೆವು. ಕರ್ನಾಟಕದ ದಲಿತ ಚಳವಳಿಗೂ ಹಾಸ್ಟೆಲಿಗೂ ಇರುವ ನಂಟು ದೊಡ್ಡದು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಬೂಸಾ ಮಾತು ಆಡಿದ ಮೇಲೆ ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ಹಲ್ಲೆಗಳಾದವು. ಆ ಏಟು ತಿಂದ ಹುಡುಗರೇ ಸಂಘಟನೆ ಕಟ್ಟಿದರು, ಕವಿತೆ ಬರೆದರು. ಆ ಚರಿತ್ರೆ ನಮ್ಮ ಹೆಮ್ಮೆ. ಆದರೆ ಆ ಚರಿತ್ರೆಯನ್ನು ಹೇಳುವಾಗ ನಾವು ಹುಡುಗರ ಹಾಸ್ಟೆಲಿನ ಕಥೆಯನ್ನೇ ಹೇಳುತ್ತೇವೆ. ಹುಡುಗಿಯರ ಹಾಸ್ಟೆಲಿನಲ್ಲಿ ಏನಾಗುತ್ತಿತ್ತು, ಅವರು ಬಸ್ಸಿನಲ್ಲಿ ಹೇಗೆ ಬರುತ್ತಿದ್ದರು, ನಮ್ಮ ಅಧ್ಯಯನ ಶಿಬಿರಗಳಿಗೆ ಒಮ್ಮೆ ಬಂದವರು ಮತ್ತೆ ಯಾಕೆ ಬರಲಿಲ್ಲ ಅಂತ ನಾವು ಕೇಳಿದೆವಾ? ಕೇಳಿದವರ ಬಾಯಿಯನ್ನು 'ಚಳವಳಿಗೆ ಕೆಟ್ಟ ಹೆಸರು ಬರುತ್ತದೆ' ಅಂತ ಮುಚ್ಚಿಸಿದವರು ನಮ್ಮಲ್ಲಿ ಇಲ್ಲವೇ? ಮರ್ಯಾದೆಯ ಹೆಸರಿನಲ್ಲಿ ಊರು ಮಾಡುವ ಕೆಲಸವನ್ನೇ ನಾವು ಹೋರಾಟದ ಹೆಸರಿನಲ್ಲಿ ಮಾಡಿದರೆ ವ್ಯತ್ಯಾಸ ಏನು ಉಳಿಯಿತು?

ನಮ್ಮ ಹುಡುಗಿ ದೂರು ಯಾಕೆ ಕೊಡುವುದಿಲ್ಲ ಅಂತ ಯೋಚಿಸಿ. ಮನೆಯಲ್ಲಿ ಕಾಲೇಜು ಕಂಡ ಮೊದಲನೆಯವಳು ಅವಳು. ಅಪ್ಪ ಕೂಲಿ ಮಾಡಿ, ಅವ್ವ ಮೇಕೆ ಮಾರಿ ಕಳಿಸಿರುತ್ತಾರೆ. ಕಾಲೇಜಿನಲ್ಲಿ ಹೀಗಾಯಿತು ಅಂತ ಮನೆಗೆ ತಿಳಿದರೆ ಕಿರುಕುಳ ಕೊಟ್ಟವನಿಗೆ ಏನೂ ಆಗುವುದಿಲ್ಲ, ಅವಳ ಓದು ನಿಲ್ಲುತ್ತದೆ, ಮುಂದಿನ ಬೇಸಿಗೆಯಲ್ಲಿ ಮದುವೆ. ಅವಳ ನಂತರದ ತಂಗಿಯೂ ಊರು ಬಿಡುವುದಿಲ್ಲ. ಉಳ್ಳವರ ಮಗಳು ಕಾಲೇಜು ಬದಲಾಯಿಸುತ್ತಾಳೆ. ನಮ್ಮವಳು ಬದುಕನ್ನೇ ಬದಲಾಯಿಸಬೇಕು. ಅದಕ್ಕೇ ಸುಮ್ಮನಿರುತ್ತಾಳೆ. ಆ ಮೌನವನ್ನು ತೋರಿಸಿ 'ದೂರು ಬಂದಿಲ್ಲ' ಅನ್ನುತ್ತಾರೆ!

ಆದ್ದರಿಂದ ನಾವು ಗೆಳೆಯರಲ್ಲಿ ಕೇಳುವುದು ಇಷ್ಟು. 1996ರಲ್ಲಿ ದೆಹಲಿಯ ವಿದ್ಯಾರ್ಥಿಗಳು ಮಾಡಿದ್ದನ್ನು ನಮ್ಮ ತಾಲ್ಲೂಕು ಕಾಲೇಜುಗಳಲ್ಲಿ, ಹಾಸ್ಟೆಲುಗಳಲ್ಲಿ ಮಾಡೋಣ. ಇದಕ್ಕೆ ದುಡ್ಡು ಬೇಡ, ಡಿಗ್ರಿ ಬೇಡ. ಹೆಸರಿಲ್ಲದ ಚೀಟಿ ಸಾಕು. ಹುಡುಗಿಯರನ್ನು ಹುಡುಗಿಯರೇ ಕೇಳಲಿ. ಕಿರುಕುಳ ಆಗಿದೆಯೇ ಅಂತ ಕೇಳದೆ, ಏನು ನಡೆಯಿತು, ಎಲ್ಲಿ ನಡೆಯಿತು, ಬಸ್ಸಿನಲ್ಲೋ ಲ್ಯಾಬಿನಲ್ಲೋ ವಾರ್ಡನ್ ರೂಮಿನಲ್ಲೋ, ಮಾಡಿದವನು ಸಹಪಾಠಿಯೋ ಮೇಷ್ಟ್ರೋ, ಯಾರಿಗೆ ಹೇಳಿದಿರಿ, ಹೇಳಿದ ಮೇಲೆ ಏನಾಯಿತು ಅಂತ ಕೇಳಲಿ. ಜಾತಿಯ ಪ್ರಶ್ನೆಯನ್ನು ಬಿಡಬಾರದು. ಆದರೆ ಎಚ್ಚರ ಬೇಕು. ಮುನ್ನೂರು ಜನರ ಕಾಲೇಜಿನಲ್ಲಿ ಜಾತಿ, ತರಗತಿ, ಊರು ಮೂರನ್ನೂ ಒಟ್ಟಿಗೆ ಬರೆಸಿದರೆ ಹೆಸರು ಬರೆಸಿದ ಹಾಗೆಯೇ ಆಗುತ್ತದೆ. ಊರು ಬರೆಸಬೇಡಿ. ಎಣಿಸಿದ ಮೇಲೆ ಮೊತ್ತವನ್ನು ಮಾತ್ರ ಹೊರಗೆ ಹಾಕಿ, ಒಬ್ಬೊಬ್ಬರ ಕಥೆಯನ್ನಲ್ಲ. ಬಿಡಿ ಚೀಟಿಗಳು ಯಾರ ಕೈಗೂ ಸಿಗಬಾರದು. ಚೀಟಿ ಬರೆಯುವಾಗ ಹಳೆಯ ಗಾಯ ಬಿಚ್ಚಿ ಅಳುವವಳು ಇರುತ್ತಾಳೆ. ಅವಳ ಜೊತೆ ಕೂರುವ, ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುವ ಒಬ್ಬ ಅಕ್ಕ ಅಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ಕೇಳುವ ಕೆಲಸಕ್ಕೆ ಕೈ ಹಾಕಬಾರದು.

ಲೆಕ್ಕ ಸಿಕ್ಕ ಮೇಲೆ ಪ್ರಿನ್ಸಿಪಾಲರ ಮೇಜಿನ ಮೇಲೆ ಇಟ್ಟು ಮೂರು ಮಾತು ಕೇಳೋಣ. ನಿಮ್ಮ ಆಂತರಿಕ ದೂರು ಸಮಿತಿಯಲ್ಲಿ ಯಾರಿದ್ದಾರೆ? ವಿದ್ಯಾರ್ಥಿ ಪ್ರತಿನಿಧಿಗಳನ್ನು ಚುನಾಯಿಸಿದ್ದೀರೋ ನೀವೇ ಆರಿಸಿಕೊಂಡಿರೋ? ಅದರಲ್ಲಿ ದಲಿತ, ಆದಿವಾಸಿ ಹೆಂಗಸರು ಎಷ್ಟು ಮಂದಿ? ಹಳ್ಳಿ ಮೇಷ್ಟ್ರುಗಳು ಈ ನಿಯಮಗಳನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿದರೆ ಅದೇ ಒಂದು ಹೋರಾಟ.

ಮಥುರಾ ಓದಿದವಳಲ್ಲ. ಭಂವರಿ ದೇವಿ ಯಾವ ವಿಶ್ವವಿದ್ಯಾಲಯಕ್ಕೂ ಸೇರಿದವರಲ್ಲ. ಅವರು ನ್ಯಾಯ ಕೇಳಿ ಸೋತರು. ಆ ಸೋಲಿನಿಂದ ಹುಟ್ಟಿದ ಕಾನೂನು ಇವತ್ತು ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳ ಕೈಗೆ ಬಂದಿದೆ. ಅದನ್ನು ಬಳಸದೆ ಧೂಳು ಹಿಡಿಸಿದರೆ ಅವರಿಗೆ ಎರಡನೇ ಸಲ ಅನ್ಯಾಯ ಮಾಡಿದ ಹಾಗೆ.

ಮುಂದಿನ ಸಲ ಯಾರಾದರೂ 'ನಮ್ಮಲ್ಲಿ ದೂರು ಬಂದಿಲ್ಲ' ಅಂದರೆ ವಾದಕ್ಕೆ ನಿಲ್ಲಬೇಡಿ. 'ನೀವು ಕೇಳಿದ್ದೀರಾ?' ಅಂತ ಮಾತ್ರ ಕೇಳಿ.